ಅಳಿವೆಯ ಚಿಪ್ಪು, ಮೇಲ್ನಾಡಿನ ಹೊಣೆ

ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡಗಳಿಂದ ಹೊರಟು ಮಹಾರಾಷ್ಟ್ರದ ನಗರಗಳಲ್ಲಿ ನೆಲೆಯೂರಿರುವ ಕುಟುಂಬಗಳಲ್ಲಿ ಒಂದು ವಾಡಿಕೆಯುಂಟು. ಊರಿಗೆ ಹೋದವರು ಮರಳಿ ಬರುವಾಗ ಕೊಬ್ಬರಿ ಎಣ್ಣೆ, ಹಪ್ಪಳ, ಕುಚ್ಚಲಕ್ಕಿಗಳ ಜೊತೆಗೆ ಒಂದು ಪುಟ್ಟ ಡಬ್ಬಿಯಲ್ಲಿ ಹುರಿದ ಬಳಚನ್ನೋ ಮಸಾಲೆ ಬೆರೆಸಿದ ಮರುವಾಯಿಯನ್ನೋ ತರುವರು. ಕುಮಟೆಯವರ ಬಳಚು, ಮಂಗಳೂರಿನವರ ಮರುವಾಯಿ, ಕೊಂಕಣಿಗರ ತಿಸರೆ, ಮರಾಠಿಗರ ಶಿಂಪಲೆ ಇವೆಲ್ಲ ಹೆಚ್ಚು ಕಡಿಮೆ ಒಂದೇ ಬಳಗದ ಪ್ರಾಣಿಗಳ ಹೆಸರುಗಳು. ಮರುವಾಯಿ ಪುಂಡಿಯ ಹೆಸರೆತ್ತಿದೊಡನೆ ಬಾಯಲ್ಲಿ ನೀರೂರದ ತುಳುವರು ವಿರಳ. ಕಡಲು ಕಾಣದ ನಾಸಿಕದಲ್ಲಿ, ಕಡಲಿನಿಂದ ಇನ್ನೂ ದೂರವಾದ ಛತ್ರಪತಿ ಸಂಭಾಜಿನಗರದಲ್ಲಿ, ಆ ಡಬ್ಬಿಯು ತೆರೆದ ದಿನ ಮನೆಯವರಿಗೆಲ್ಲ ಊರು ಬಂದಷ್ಟೇ ಸಂತೋಷ.

ಇಂತಹ ಮನೆಗಳಲ್ಲಿ ಈಚೆಗೆ ಒಂದು ಅಳುಕು ಕೇಳಿಬರುತ್ತಿದೆ. ಚಿಪ್ಪುಮೀನಿನಲ್ಲಿ ಪಾದರಸವಿದೆಯಂತೆ, ಕ್ಯಾಡ್ಮಿಯಂ ಇದೆಯಂತೆ, ಬಸುರಿಯರು ತಿನ್ನಬಾರದಂತೆ ಎಂಬ ಮಾತು ಕೈಯಿಂದ ಕೈಗೆ ಸಾಗುವ ಸಂದೇಶಗಳಲ್ಲಿ ಹರಡುತ್ತಿದೆ. ಕೆಲವರು ಹೆದರಿ ಡಬ್ಬಿಯನ್ನು ಮುಟ್ಟದಿರುವರು. ಕೆಲವರು ಇದೆಲ್ಲ ಬೂಟಾಟಿಕೆಯೆಂದು ನಕ್ಕು ಎರಡು ತುತ್ತು ಹೆಚ್ಚೇ ಉಣ್ಣುವರು. ಈ ಎರಡು ಬಗೆಯ ನಡತೆಗೂ ವಿಷಯದ ತಿಳಿವು ಆಧಾರವಾಗಿಲ್ಲ. ಲೋಹವು ಚಿಪ್ಪಿನೊಳಕ್ಕೆ ಹೇಗೆ ಬರುವುದು, ಎಲ್ಲಿಂದ ಬರುವುದು, ಎಷ್ಟಿದ್ದರೆ ಅಪಾಯ ಎಂಬುದನ್ನು ಅರಿತಲ್ಲದೆ ಹೆದರುವುದೂ ಸಲ್ಲದು, ನಗುವುದೂ ಸಲ್ಲದು. ಅರಿತ ಮೇಲೆ, ಉಣ್ಣುವವನ ತಟ್ಟೆಗಿಂತ ನದಿಯ ಮೇಲ್ದಂಡೆಯ ಊರುಗಳ ಚರಂಡಿಯ ಕಡೆಗೇ ದೃಷ್ಟಿಯನ್ನು ಹೊರಳಿಸಬೇಕಾಗುವುದು.

ಅಳಿವೆಯೆಂದರೆ ನದಿಯು ಕಡಲನ್ನು ಕೂಡುವ ಎಡೆ. ಭರತದಲ್ಲಿ ಉಪ್ಪುನೀರು ಒಳನುಗ್ಗುವುದು, ಇಳಿತದಲ್ಲಿ ಸಿಹಿನೀರು ಹೊರಸಾಗುವುದು. ನದಿಯು ತನ್ನ ಉದ್ದಕ್ಕೂ ಹೊತ್ತುತಂದ ಜೇಡಿಯ ಕಣಗಳು ಸಿಹಿನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತ ತೇಲಿಕೊಂಡಿರುತ್ತವೆ. ಉಪ್ಪು ತಗುಲಿದೊಡನೆ ಆ ವಿಕರ್ಷಣೆಯು ಕುಂದಿ, ಕಣಗಳು ಹಾಲು ಒಡೆದಂತೆ ಗಂಟುಗಟ್ಟಿ ತಳಕ್ಕೆ ಇಳಿಯುವುವು. ಕಬ್ಬಿಣ ಮತ್ತು ಮ್ಯಾಂಗನೀಸುಗಳ ತೆಳ್ಳನೆಯ ಲೇಪವನ್ನು ಹೊತ್ತ ಆ ಕಣಗಳಿಗೆ ಸೀಸ, ತಾಮ್ರ, ಸತು, ಪಾದರಸ, ಕ್ಯಾಡ್ಮಿಯಂಗಳು ಅಂಟಿಕೊಂಡಿರುವುದರಿಂದ ನೂರಾರು ಮೈಲಿಗಳ ಕಶ್ಮಲವು ಕೆಲವೇ ಮೈಲಿಗಳ ಕೆಸರಿನಲ್ಲಿ ಶೇಖರವಾಗುವುದು. ಇದರಲ್ಲಿ ಕ್ಯಾಡ್ಮಿಯಂನ ನಡತೆಯು ವಿಚಿತ್ರ. ಉಪ್ಪಿನಲ್ಲಿರುವ ಕ್ಲೋರೈಡು ಅದನ್ನು ಕಣದಿಂದ ಬಿಡಿಸಿ ಮತ್ತೆ ನೀರಿಗೇ ಸೇರಿಸುವುದು. ಆದಕಾರಣ ಅಳಿವೆಯ ನಡುವಿನ ಸಪ್ಪೆಯುಪ್ಪಿನ ಪಟ್ಟಿಯಲ್ಲಿ ಈ ಲೋಹವು ಪ್ರಾಣಿಗಳ ಕಿವಿರಿಗೆ ಸುಲಭವಾಗಿ ಸಿಗುವುದು. ಬಳಚೂ ಸಿಂಪಿಯೂ ಸೊಂಪಾಗಿ ಬೆಳೆಯುವುದು ಅದೇ ಪಟ್ಟಿಯಲ್ಲಿ!

ಚಿಪ್ಪುಜೀವಿಗೆ ಬೇಟೆಯಾಡುವ ಶಕ್ತಿಯಿಲ್ಲ. ಕೆಸರಿನಲ್ಲಿ ಅರ್ಧ ಹುದುಗಿಕೊಂಡು ಅಥವಾ ಕಲ್ಲಿಗೆ ಅಂಟಿಕೊಂಡು ನೀರನ್ನು ಒಳಕ್ಕೆಳೆದು ಹೊರಕ್ಕೆ ಬಿಡುವುದೇ ಅದರ ಜೀವನ. ಕಿವಿರಿನ ಮೇಲಿನ ಸೂಕ್ಷ್ಮ ರೋಮಗಳು ಎಡೆಬಿಡದೆ ಆಡುತ್ತ ನೀರನ್ನು ಸೋಸುವುವು. ದೊಡ್ಡ ಸಿಂಪಿಯೊಂದು ದಿನವೊಂದಕ್ಕೆ ಹತ್ತಾರು ಲೀಟರು ನೀರನ್ನು ಹೀಗೆ ಸೋಸಬಲ್ಲದು. ಅಂಗೈಯಲ್ಲಿ ಅಡಗುವ ಪ್ರಾಣಿಗೆ ಕೊಡಗಟ್ಟಲೆ ನೀರು! ಆ ನೀರಿನಲ್ಲಿ ಕರಗಿರುವ ಲೋಹವು ಕಿವಿರಿನ ಪೊರೆಯ ಮೂಲಕ, ಕಣಕ್ಕೂ ಪಾಚಿಗೂ ಅಂಟಿರುವ ಲೋಹವು ಜಠರದ ಮೂಲಕ ಮೈಸೇರುವುದು. ಹೊರಹಾಕುವ ವೇಗವು ಒಳಸೇರುವ ವೇಗಕ್ಕಿಂತ ಕಡಿಮೆಯಾದಲ್ಲಿ ಉಳಿತಾಯವಾಗಲೇಬೇಕಷ್ಟೆ. ನೀರಿನಲ್ಲಿ ಕಂಡೂ ಕಾಣದಷ್ಟು ಇರುವ ಕ್ಯಾಡ್ಮಿಯಂ ಚಿಪ್ಪಿನ ಮಾಂಸದಲ್ಲಿ ಸಹಸ್ರಾರು ಪಟ್ಟು ಸಾಂದ್ರವಾಗಿ ಕುಳಿತಿರುವುದು ಇದರಿಂದಲೇ.

ಇಷ್ಟೊಂದು ವಿಷವನ್ನು ಹೊತ್ತ ಪ್ರಾಣಿಯು ತಾನೇ ಏಕೆ ಸಾಯುವುದಿಲ್ಲ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರವಾದ ಪ್ರೋಟೀನನ್ನು 1957ರಲ್ಲಿ ಮಾರ್ಗೋಷಸ್ ಮತ್ತು ವಾಲೀ ಎಂಬ ವಿಜ್ಞಾನಿಗಳು ಕುದುರೆಯ ಮೂತ್ರಪಿಂಡದಲ್ಲಿ ಕಂಡುಹಿಡಿದರು. ಮೆಟಲೋಥಯೋನೀನ್ ಎಂಬ ಹೆಸರಿನ ಆ ಪುಟ್ಟ ಪ್ರೋಟೀನಿನ ಘಟಕಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗಂಧಕವುಳ್ಳ ಸಿಸ್ಟೀನ್ ಆಗಿರುವುದು. ಗಂಧಕವು ಕ್ಯಾಡ್ಮಿಯಂ, ತಾಮ್ರ, ಸತುಗಳನ್ನು ಇಕ್ಕುಳದಂತೆ ಹಿಡಿದಿಟ್ಟುಕೊಳ್ಳುವುದು. ಕುದುರೆಯಲ್ಲಿ, ಮನುಷ್ಯನಲ್ಲಿ, ಚಿಪ್ಪುಜೀವಿಯಲ್ಲಿ ಈ ಏರ್ಪಾಡು ಬಹುಮಟ್ಟಿಗೆ ಒಂದೇ. ಚಿಪ್ಪುಜೀವಿಯು ಇದರೊಡನೆ ಇನ್ನೊಂದು ಉಪಾಯವನ್ನೂ ಬಲ್ಲುದು. ಬೇಡದ ಲೋಹವನ್ನು ಕಾಳಿನಂತಹ ಗಟ್ಟಿ ಹರಳುಗಳನ್ನಾಗಿ ಮಾಡಿ ತನ್ನ ಜೀರ್ಣಗ್ರಂಥಿಯಲ್ಲಿಯೂ ಮೂತ್ರಾಂಗದಲ್ಲಿಯೂ ಮೂಟೆಕಟ್ಟಿ ಇಡುವುದು. ಕಟ್ಟಿಟ್ಟ ವಿಷವು ಅದಕ್ಕೆ ವಿಷವಲ್ಲ, ಅದನ್ನು ಇಡಿಯಾಗಿ ನುಂಗಿದವನಿಗೆ ಮಾತ್ರ ಮೂಟೆ ಬಿಚ್ಚಿಕೊಳ್ಳುವುದು.

ಎಲ್ಲ ಚಿಪ್ಪುಗಳೂ ಒಂದೇ ತೆರನಲ್ಲ. ಸಿಂಪಿಯು ಸತುವನ್ನೂ ತಾಮ್ರವನ್ನೂ ಮಿತಿಯಿಲ್ಲದೆ ಕೂಡಿಡುವುದು. ತಾಮ್ರ ಹೆಚ್ಚಾದಾಗ ಅದರ ಮಾಂಸವೇ ಹಸುರು ಬಣ್ಣಕ್ಕೆ ತಿರುಗುವುದುಂಟು. ಪಚ್ಚಿಲೆಯ ಜಾತಿಯವು ಸತುವನ್ನು ಒಂದು ಹದದಲ್ಲಿ ನಿಲ್ಲಿಸಿಕೊಳ್ಳಬಲ್ಲವು, ಆದರೆ ಕ್ಯಾಡ್ಮಿಯಂ ಸೀಸಗಳನ್ನು ಅಲ್ಲ. ಮೊಟ್ಟೆಯಿಟ್ಟು ಸೊರಗಿದ ಪ್ರಾಣಿಯಲ್ಲಿ ಮಾಂಸ ಕಡಿಮೆಯಾಗಿ ಲೋಹದ ಸಾಂದ್ರತೆ ಏರಿದಂತೆ ತೋರುವುದು. ಹೀಗೆ ಜಾತಿ, ಗಾತ್ರ, ಋತು, ಉಪ್ಪು ಎಲ್ಲವೂ ಲೆಕ್ಕಕ್ಕೆ ಬರುವುದರಿಂದ ಯಾರೋ ಒಮ್ಮೆ ಒಂದು ಬುಟ್ಟಿ ಚಿಪ್ಪನ್ನು ಪರೀಕ್ಷಿಸಿ ಇಡೀ ಕರಾವಳಿಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಪಾದರಸದ ಕಥೆಯನ್ನು ಜಪಾನಿನ ಮಿನಮಾತಾ ಊರು ಲೋಕಕ್ಕೆ ಕಲಿಸಿತು. ಅಲ್ಲಿಯ ರಾಸಾಯನಿಕ ಕಾರ್ಖಾನೆಯು 1932ರಿಂದ 1968ರವರೆಗೆ ಮೀಥೈಲ್ ಪಾದರಸ ಬೆರೆತ ತ್ಯಾಜ್ಯವನ್ನು ಕೊಲ್ಲಿಗೆ ಹರಿಯಬಿಟ್ಟಿತು. ಮೀನು, ಚಿಪ್ಪುಗಳನ್ನು ಉಂಡ ಬೆಸ್ತರ ಮನೆಗಳಲ್ಲಿ ಮೊದಲು ಬೆಕ್ಕುಗಳು ಹುಚ್ಚು ಕುಣಿತ ಕುಣಿದು ಸತ್ತವು. ಬಳಿಕ ಮಕ್ಕಳ ಕೈಕಾಲು ಸೆಟೆದವು, ಮಾತು ನಿಂತಿತು. 1956ರ ಮೇ 1ರಂದು ರೋಗವು ಅಧಿಕೃತವಾಗಿ ವರದಿಯಾಯಿತು. ಮೂರು ವರ್ಷಗಳಲ್ಲಿ ಕುಮಾಮೊತೊ ವಿಶ್ವವಿದ್ಯಾಲಯದವರು ಸಾವಯವ ಪಾದರಸದ ಕಡೆಗೆ ಬೆರಳು ತೋರಿದರು. ಆದರೂ ಸರ್ಕಾರವು ಕಾರಣವನ್ನು ಒಪ್ಪಿಕೊಂಡದ್ದು 1968ರಲ್ಲಿ! ವಿಜ್ಞಾನವು ಹೇಳಿದ ಮಾತು ಆಡಳಿತದ ಕಿವಿಯನ್ನು ತಲಪಲು ಒಂಬತ್ತು ವರ್ಷ ಹಿಡಿಯಿತೆಂಬುದನ್ನು ಮರೆಯಲಾಗದು.

ಕನ್ನಡ ಕರಾವಳಿಗೆ ಈ ಪಾಠ ದೂರದ್ದಲ್ಲ. ಕಾರವಾರದ ಬಳಿಯ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದು ತಲೆಯೆತ್ತಿತು. ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸಿ ಸೋಡಾ ತೆಗೆಯುವ ಆ ಕಾಲದ ಪದ್ಧತಿಯಲ್ಲಿ ಪಾದರಸವೇ ವಿದ್ಯುದ್ವಾರವಾಗಿ, ಅದರಲ್ಲಿ ಸ್ವಲ್ಪ ಭಾಗವು ತ್ಯಾಜ್ಯದೊಡನೆ ಹೊರಬೀಳುವುದು ಸಾಮಾನ್ಯವಾಗಿತ್ತು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪಿ. ಕೆ. ಕೃಷ್ಣಕುಮಾರ್ ಮತ್ತು ವಿ. ಕೆ. ಪಿಳ್ಳೈ ಅವರು ಆ ಕಾರ್ಖಾನೆಯ ಸಮೀಪದ ಕಡಲಿನಲ್ಲಿ ಪಾದರಸವನ್ನು ಅಳೆದು 1990ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದರು. ಮುಂದೆ ಭಾರತದ ಈ ಉದ್ಯಮವು ಕ್ರಮೇಣ ಪಾದರಸವನ್ನು ಕೈಬಿಟ್ಟು ಪೊರೆಯ ಕೋಶಗಳಿಗೆ ತಿರುಗಿದ್ದು ಒಳ್ಳೆಯ ಬೆಳವಣಿಗೆ. 2013ರಲ್ಲಿ ರೂಪುಗೊಂಡ ಮಿನಮಾತಾ ಒಡಂಬಡಿಕೆಗೆ 2018ರಲ್ಲಿ ಭಾರತವೂ ಸಮ್ಮತಿಯಿತ್ತಿತು. ಆದರೆ ಕೆಸರಿಗೆ ಬಿದ್ದ ಪಾದರಸವು ಒಡಂಬಡಿಕೆಗಳನ್ನು ಓದುವುದಿಲ್ಲ. ತಳದ ಬ್ಯಾಕ್ಟೀರಿಯಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುವ ಕೆಲಸವನ್ನು ಸದ್ದಿಲ್ಲದೆ ನಡೆಸಿಕೊಂಡೇ ಹೋಗುವುವು.

ಇಲ್ಲಿಯವರೆಗಿನ ಮಾತು ಕೇಳಿ, ಇದು ಕಡಲತಡಿಯವರ ತಾಪತ್ರಯ, ಗೋದಾವರಿಯ ದಂಡೆಯವರಿಗೆ ಇದರಿಂದ ಆಗಬೇಕಾದದ್ದೇನು ಎಂದು ಕೆಲವರಿಗೆ ಅನ್ನಿಸಬಹುದು. ಆ ಭಾವನೆಯು ತಪ್ಪೆಂಬುದನ್ನು ಫ್ರಾನ್ಸಿನ ಜಿರೋಂದ್ ಅಳಿವೆಯ ಸಂಗತಿಗಿಂತ ಚೆನ್ನಾಗಿ ಬೇರಾವುದೂ ತೋರಿಸಲಾರದು.

ಜಿರೋಂದ್ ಯೂರೋಪಿನ ದೊಡ್ಡ ಅಳಿವೆಗಳಲ್ಲಿ ಒಂದು. ಬೋರ್ದೋ ನಗರದ ಕೆಳಗೆ ಅಟ್ಲಾಂಟಿಕ್ ಸಾಗರವನ್ನು ಕೂಡುವುದು. 1970ರ ದಶಕದ ಕೊನೆಯ ಹೊತ್ತಿಗೆ ಅಲ್ಲಿಯ ಸಿಂಪಿಗಳಲ್ಲಿ ಅತಿಯಾದ ಕ್ಯಾಡ್ಮಿಯಂ ಕಂಡುಬಂದಿತು. ದಂಡೆಯ ಮೇಲೆ ಅದಕ್ಕೆ ತಕ್ಕ ಕಾರ್ಖಾನೆಯೇನೂ ಇರಲಿಲ್ಲ. ಹುಡುಕುತ್ತ ಹೋದಾಗ ಮೂಲವು ಸಿಕ್ಕಿದ್ದು ಗಾರೊನ್ ನದಿಯ ಉಪನದಿಯಾದ ಲೋ, ಅದರ ಉಪನದಿಯಾದ ಒಂದು ಸಣ್ಣ ತೊರೆ, ಆ ತೊರೆಯ ದಂಡೆಯ ವಿವಿಯೇ ಎಂಬ ಊರಿನಲ್ಲಿ. ಅಲ್ಲಿ ಸತುವಿನ ಅದಿರನ್ನು ಸಂಸ್ಕರಿಸುತ್ತಿದ್ದರು. ಸತುವಿನ ಬೆನ್ನುಹತ್ತಿ ಬರುವ ಕ್ಯಾಡ್ಮಿಯಂ ತ್ಯಾಜ್ಯದ ರಾಶಿಯಿಂದ ಮಳೆನೀರಿನೊಡನೆ ತೊರೆಗಿಳಿದು, ಅಣೆಕಟ್ಟೆಗಳ ಹಿಂದಿನ ಹೂಳಿನಲ್ಲಿ ತಂಗುತ್ತ, ಪ್ರವಾಹ ಬಂದಾಗ ಮತ್ತೆ ಎದ್ದು ಹೊರಡುತ್ತ, 300 ಕಿಲೋಮೀಟರುಗಳಿಗೂ ಮೀರಿದ ದಾರಿಯನ್ನು ಕ್ರಮಿಸಿ ಸಿಂಪಿಯ ಹೊಟ್ಟೆಯನ್ನು ಸೇರುತ್ತಿತ್ತು. ಗುಡ್ಡಗಾಡಿನ ಆ ಕಾರ್ಮಿಕರು ಕಡಲಿನ ಮುಖವನ್ನು ಕಂಡಿದ್ದರೋ ಇಲ್ಲವೋ! ಅಳಿವೆಯಲ್ಲಿ ಸಿಂಪಿಯ ಸಂಗ್ರಹವು ನಿಷಿದ್ಧವಾಯಿತು. ಬದುಕು ಕಳೆದುಕೊಂಡವರು ಅಳಿವೆಯ ಬೆಸ್ತರು. 1987ರಲ್ಲಿ ಅದಿರಿನ ಸಂಸ್ಕರಣೆ ನಿಂತಿತು, ತ್ಯಾಜ್ಯದ ರಾಶಿಗಳನ್ನು ಬಿಗಿಗೊಳಿಸಲಾಯಿತು. ಆಮೇಲೆ ಸಿಂಪಿಯಲ್ಲಿನ ಲೋಹವು ಇಳಿಯತೊಡಗಿತಾದರೂ ಆ ಇಳಿತಕ್ಕೆ ಹಿಡಿದದ್ದು ತಿಂಗಳುಗಳಲ್ಲ, ದಶಕಗಳು.

ಈಗ ಗೋದಾವರಿಗೆ ಬರೋಣವಾಗಲಿ. ಕನ್ನಡನಾಡಿನ ಬಡಗಣ ಎಲ್ಲೆಯೆಂದು ಕವಿರಾಜಮಾರ್ಗವು ಹೆಸರಿಸಿದ ನದಿಯದು. ನಾಸಿಕದ ಕನ್ನಡಿಗನು ಆ ಲೆಕ್ಕದಲ್ಲಿ ಪರದೇಶಿಯಲ್ಲ, ಗಡಿಯ ಕಾವಲಿನವನು; ಸಂಭಾಜಿನಗರದವನಂತೂ ರಾಷ್ಟ್ರಕೂಟ ಕೃಷ್ಣನು ಕಡೆಸಿದ ಎಲ್ಲೋರದ ಕೈಲಾಸದ ಮಗ್ಗುಲಲ್ಲೇ ಇರುವವನು. ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿ 1,465 ಕಿಲೋಮೀಟರು ಹರಿದು ಬಂಗಾಳ ಕೊಲ್ಲಿಯನ್ನು ಸೇರುವ ಈ ನದಿಯ ಅಳಿವೆಯಲ್ಲಿ, ಕಾಕಿನಾಡದ ಕೊಲ್ಲಿಯಲ್ಲಿ, ರಕ್ತವರ್ಣದ ಮಾಂಸವುಳ್ಳ ಅನಡಾರ ಎಂಬ ಚಿಪ್ಪು ಹೇರಳವಾಗಿ ಸಿಗುವುದು. ನಾಸಿಕದ ಸಾತಪೂರ, ಅಂಬಡ ಕೈಗಾರಿಕಾ ವಸಾಹತುಗಳಲ್ಲಿಯೂ ಸಂಭಾಜಿನಗರದ ಚಿಕಲಠಾಣಾ, ವಾಳೂಜ, ಶೇಂದ್ರಾಗಳಲ್ಲಿಯೂ ಲೋಹದ ಕೆಲಸ, ಯಂತ್ರದ ಬಿಡಿಭಾಗಗಳ ತಯಾರಿಕೆ, ಲೇಪದ ಕೆಲಸಗಳು ನಡೆಯುತ್ತಿವೆ. ಕ್ರೋಮಿಯಂ, ನಿಕ್ಕಲ್, ಸತುಗಳು ಆ ಕಸುಬಿನ ನಿತ್ಯದ ಸಾಮಗ್ರಿಗಳು. ಈ ಸಂಘದ ಸದಸ್ಯರಲ್ಲಿಯೂ ಅಂತಹ ಕಾರ್ಖಾನೆಗಳಲ್ಲಿ ದುಡಿಯುವವರು, ಅವನ್ನು ನಡೆಸುವವರು ಇರಬಹುದಷ್ಟೆ.

ಹಾಗೆಂದು ನಾಸಿಕದ ಕ್ರೋಮಿಯಂ ನೇರವಾಗಿ ಕಾಕಿನಾಡದ ಚಿಪ್ಪನ್ನು ಕೊಲ್ಲುತ್ತಿದೆ ಎಂದು ಸಾರುವುದು ಅತಿಶಯೋಕ್ತಿಯಾದೀತು. ಗೋದಾವರಿಯ ಮೇಲೆ ಸಾಲುಸಾಲಾಗಿ ಕಟ್ಟೆಗಳಿವೆ, ಕಟ್ಟೆಯೆಂದರೆ ಹೂಳಿನ ಬೋನು. ನಾಸಿಕ ಜಿಲ್ಲೆಯ ನಾಂದೂರ ಮಧ್ಯಮೇಶ್ವರದಲ್ಲಿ, ಗೋದಾವರಿಯೂ ಕಾದವಾ ನದಿಯೂ ಕೂಡುವಲ್ಲಿ, ಕಟ್ಟಿದ ಒಡ್ಡಿನ ಹಿಂದೆ ಹೂಳು ತುಂಬಿ ಹಕ್ಕಿಗಳ ಬೀಡಾದ ಜೌಗು ಮೂಡಿತು. ಮಹಾರಾಷ್ಟ್ರದ ಮೊದಲ ರಾಮ್‌ಸಾರ್ ತಾಣವೆಂಬ ಕೀರ್ತಿ ಅದರದು. ಅದನ್ನು ದಾಟಿದ ಕಣಗಳಿಗೆ ಪೈಠಣದ ಜಾಯಕವಾಡಿ ಅಣೆಕಟ್ಟು ಕಾದಿರುವುದು. 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟು 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಆ ಕಟ್ಟೆಯ ಹಿಂದೆ ಹಬ್ಬಿರುವ ನಾಥಸಾಗರವು, ಸಂಭಾಜಿನಗರದ ನಡುವೆ ಹರಿದು ಬರುವ ಖಾಮ ನದಿಯ ನೀರಿಗೂ ತವರಾಗಿದೆ. ಲೋಹದ ದೃಷ್ಟಿಯಿಂದ ನೋಡಿದರೆ ಈ ಎರಡು ನಗರಗಳ ಅಳಿವೆಯು ಸಾವಿರ ಕಿಲೋಮೀಟರು ದೂರದಲ್ಲಿಲ್ಲ, ನಾಥಸಾಗರವೇ ಅವುಗಳ ಅಳಿವೆ. ಸಂಭಾಜಿನಗರದ ಕುಡಿಯುವ ನೀರು ಬರುವುದೂ ಅಲ್ಲಿಂದಲೇ! ಕುಡಿಯುವ ನೀರನ್ನು ಸೋಸಿ ಕೊಡುವರು, ನಿಜ; ಕಣಕ್ಕೆ ಅಂಟಿದ ಲೋಹ ಬಹುಪಾಲು ಸೋಸುಮರಳಿನಲ್ಲಿ ನಿಲ್ಲುವುದು, ಅದೂ ನಿಜ. ಆದರೆ ಅದೇ ಕೆರೆಯ ಮೀನನ್ನು ಉಣ್ಣುವವರಿಗೆ ಸೋಸುಮರಳಿನ ರಕ್ಷಣೆಯಿಲ್ಲ.

ಆ ಕೆಸರಿನಲ್ಲಿಯೂ ಚಿಪ್ಪುಗಳಿವೆ. ಲ್ಯಾಮೆಲ್ಲಿಡೆನ್ಸ್, ಪ್ಯಾರೇಸಿಯ ಎಂಬ ಸಿಹಿನೀರಿನ ಚಿಪ್ಪುಜೀವಿಗಳು ಗೋದಾವರಿಯ ತಳದಲ್ಲಿ ಅಳಿವೆಯ ಬಳಚಿನಂತೆಯೇ ನೀರನ್ನು ಸೋಸುತ್ತ ಬದುಕಿವೆ. ಇವುಗಳ ಅಧ್ಯಯನದಲ್ಲಿ ಸಂಭಾಜಿನಗರವೇ ದೊಡ್ಡ ಕೇಂದ್ರ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1958ರಲ್ಲಿ ಸ್ಥಾಪಿತವಾಗಿ 1994ರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರನ್ನು ಧರಿಸಿದ ಮರಾಠವಾಡಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರಾದ ಆರ್. ನಾಗಭೂಷಣಂ ಮತ್ತು ಯು. ಎಚ್. ಮಾನೆ ಅವರು 1970ರ ದಶಕದಲ್ಲಿಯೇ ರತ್ನಾಗಿರಿಯ ಕಾಳಬಾದೇವಿ ಅಳಿವೆಯ ಚಿಪ್ಪುಗಳ ಜೀವನಕ್ರಮವನ್ನು ಶೋಧಿಸಿದರು. ಕಡಲಿಲ್ಲದ ಊರಿನ ವಿದ್ವಾಂಸರು ಅಳಿವೆಯನ್ನು ಅರಸಿಕೊಂಡು ಹೋದದ್ದು ಸಾಮಾನ್ಯ ಸಂಗತಿಯಲ್ಲ. ಅದೇ ವಿಶ್ವವಿದ್ಯಾಲಯದ ಸಂಶೋಧಕರು, ಸಿಹಿನೀರಿನ ಚಿಪ್ಪುಜೀವಿಗಳನ್ನು ಲೋಹಮಾಲಿನ್ಯದ ಸೂಚಕಗಳನ್ನಾಗಿ ಬಳಸುವ ವಿಷಯವಾಗಿ 2012ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ವಿದ್ಯೆಯು ಊರಿನಲ್ಲಿಯೇ ಇದೆ ಎಂದಂತಾಯಿತು.

ಇನ್ನು ಆರೋಗ್ಯದ ಮಾತು. ಚಿಪ್ಪಿನ ಲೋಹಗಳಲ್ಲಿ ಹೆಚ್ಚು ಯೋಚಿಸಬೇಕಾದದ್ದು ಕ್ಯಾಡ್ಮಿಯಂ. ಅದು ಮನುಷ್ಯನ ಮೂತ್ರಪಿಂಡವನ್ನು ಸೇರಿದರೆ ಅರ್ಧದಷ್ಟು ಹೊರಹೋಗುವುದಕ್ಕೇ 10ರಿಂದ 30 ವರ್ಷ ಬೇಕು. ಸಂಚಯವು ಮಿತಿಮೀರಿದಾಗ ಮೂತ್ರಪಿಂಡದ ನಾಳಗಳು ಕೆಟ್ಟು, ಸುಣ್ಣದ ಅಂಶ ಸೋರಿ, ಎಲುಬು ಟೊಳ್ಳಾಗುವುದು. ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ, ಮೇಲ್ದಂಡೆಯ ಗಣಿಯಿಂದ ಬಂದ ಕ್ಯಾಡ್ಮಿಯಂ ಗದ್ದೆಯ ಅಕ್ಕಿಯನ್ನು ಸೇರಿ, ಹಲವು ಮಕ್ಕಳ ತಾಯಂದಿರಾದ ಹೆಂಗಸರು ನೋವಿನಿಂದ ಚೀರುತ್ತಿದ್ದ ಧ್ವನಿಯೇ ಆ ರೋಗದ ಹೆಸರಾಯಿತು: ಇತಾಯಿ ಇತಾಯಿ. ಹೆಂಗಸರಿಗೇ ಅದು ಹೆಚ್ಚಾಗಿ ತಗುಲಿದ್ದು ಆಕಸ್ಮಿಕವಲ್ಲ. ರಕ್ತದಲ್ಲಿ ಕಬ್ಬಿಣ ಕಡಿಮೆಯಿದ್ದವರ ಕರುಳು ಕಬ್ಬಿಣವನ್ನು ಹೀರುವ ಆತುರದಲ್ಲಿ ಕ್ಯಾಡ್ಮಿಯಂ ಅನ್ನೂ ಹೆಚ್ಚಾಗಿ ಹೀರಿಕೊಳ್ಳುವುದು. ರಕ್ತಹೀನತೆಯಿಂದ ಬಳಲುವ ಸ್ತ್ರೀಯರು ಅಸಂಖ್ಯರಾಗಿರುವ ಈ ದೇಶದಲ್ಲಿ ಇದು ನೆನಪಿಡತಕ್ಕ ವಿಷಯ.

ಎಷ್ಟು ಉಂಡರೆ ಅತಿ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಸಂಸ್ಥೆಗಳ ಜಂಟಿ ತಜ್ಞಸಮಿತಿಯು 2010ರಲ್ಲಿ ತಿಂಗಳಿಗೆ ದೇಹತೂಕದ ಕಿಲೋ ಒಂದಕ್ಕೆ 25 ಮೈಕ್ರೋಗ್ರಾಂ ಕ್ಯಾಡ್ಮಿಯಂ ಎಂಬ ಮಿತಿಯನ್ನು ಹಾಕಿತು. 60 ಕಿಲೋ ತೂಗುವವರಿಗೆ ಇದು ತಿಂಗಳಿಗೆ 1,500 ಮೈಕ್ರೋಗ್ರಾಂ ಆಗುವುದು. ಚಿಪ್ಪುಗಳ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಕೋಡೆಕ್ಸ್ ಸಮಿತಿಯು ಕಿಲೋ ಮಾಂಸಕ್ಕೆ 2 ಮಿಲಿಗ್ರಾಂವರೆಗೆ ಕ್ಯಾಡ್ಮಿಯಂಗೆ ಅವಕಾಶ ಕೊಟ್ಟಿದೆ; ಯೂರೋಪಿನವರು 1 ಮಿಲಿಗ್ರಾಂ ಸಾಕೆಂದರು. 2 ಮಿಲಿಗ್ರಾಂ ಇರುವ ಮಾಂಸವನ್ನು ಒಂದು ಊಟಕ್ಕೆ 100 ಗ್ರಾಂ ಉಂಡರೆ ಒಳಹೋಗುವುದು 200 ಮೈಕ್ರೋಗ್ರಾಂ. ತಿಂಗಳಿಗೆ ಏಳು ಊಟಕ್ಕೆ 1,400, ಎಂಟನೆಯ ಊಟಕ್ಕೆ ಮಿತಿ ಮೀರುವುದು; ಅನ್ನದಿಂದ, ಸೊಪ್ಪಿನಿಂದ, ಬೀಡಿ ಸಿಗರೇಟುಗಳಿಂದ ಬರುವುದು ಬೇರೆ. ಅದೇ ಮಾಂಸದಲ್ಲಿ ಅರ್ಧ ಮಿಲಿಗ್ರಾಂ ಮಾತ್ರ ಇದ್ದಲ್ಲಿ ದಿನವೂ ಉಂಡರೆ ಆ ಮಿತಿ ಮುಟ್ಟುವುದು. ವರ್ಷಕ್ಕೆ ಎರಡು ಬಾರಿ ಊರಿನ ಡಬ್ಬಿ ತೆರೆಯುವ ನಾಸಿಕದ ಮನೆಯವರು ಈ ಲೆಕ್ಕದಲ್ಲಿ ಹೆದರಬೇಕಾದದ್ದೇನೂ ಇಲ್ಲ. ಹೆದರಿಕೆ ಯಾರಿಗಾದರೂ ಇರಬೇಕಾದರೆ ಅದು ಕಾರ್ಖಾನೆಯ ಕೊಳವೆಯ ಬಾಯಲ್ಲಿ ದಿನವೂ ಚಿಪ್ಪಾಯ್ದು ದಿನವೂ ಅದನ್ನೇ ಬೇಯಿಸುವ ಬಡವರಿಗೆ. ಬಸುರಿಯರೂ ಎಳೆಯ ಮಕ್ಕಳೂ ಕೈಗಾರಿಕೆಯ ಖಾರಿ, ಬಂದರುಗಳ ಚಿಪ್ಪನ್ನು ಬಿಡುವುದು ಲೇಸು. ಎಲ್ಲಿಯದೆಂದು ಮಾರುವವನಿಗೇ ತಿಳಿಯದ ಚಿಪ್ಪನ್ನೂ ಬಿಡಬೇಕು.

ಚೆನ್ನಾಗಿ ಕುದಿಸಿದರೆ ಸರಿಹೋಗುವುದೆಂಬ ನಂಬಿಕೆಯೊಂದು ಅಡುಗೆಮನೆಗಳಲ್ಲಿ ಬೇರೂರಿದೆ. ಕುದಿತವು ಕ್ರಿಮಿಗಳನ್ನು ಕೊಲ್ಲುವುದು, ಲೋಹವನ್ನಲ್ಲ. ಶುದ್ಧನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಇರಿಸಿದರೆ ಹೊಟ್ಟೆಯ ಮರಳೂ ರೋಗಾಣುಗಳೂ ಬಹುಮಟ್ಟಿಗೆ ಹೊರಬೀಳುವುವು. ಪ್ರೋಟೀನಿನ ಇಕ್ಕುಳದಲ್ಲಿ ಸಿಕ್ಕಿಕೊಂಡ ಕ್ಯಾಡ್ಮಿಯಂ ಮಾತ್ರ ತಿಂಗಳುಗಟ್ಟಲೆ ಅಲುಗದು. ಹುಣಿಸೆಹುಳಿಗೆ ಅದನ್ನು ಸೆಳೆದುಕೊಳ್ಳುವ ಶಕ್ತಿಯಿದೆ ಎಂದು ಹೇಳುವವರೂ ಉಂಟು. ಹುಳಿಯಿಂದ ರುಚಿ ಬರುವುದು, ಅಷ್ಟೇ.

ಸಸ್ಯಾಹಾರಿಗಳಾದ ವಾಚಕರು ಇಷ್ಟು ಹೊತ್ತಿಗೆ ಪುಟ ತಿರುವಿರಬಹುದು. ಅವರೂ ತುಸು ತಾಳಬೇಕು. ಕೊಳಚೆ ನೀರು ಹಾಯಿಸಿದ ಹೊಲದ ಪಾಲಕ್ ಮುಂತಾದ ಎಲೆಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಮಣ್ಣಿನಿಂದ ಹೀರುವುದರಲ್ಲಿ ಚಿಪ್ಪಿಗೆ ತಮ್ಮಂದಿರಿದ್ದಂತೆ. ನದಿಗೆ ಬಿಟ್ಟದ್ದು ಯಾವ ಅಡುಗೆಮನೆಯನ್ನು ಯಾವ ಬಾಗಿಲಿನಿಂದ ಹೊಗುವುದೆಂದು ಬಲ್ಲವರಾರು?

ಕೆಲವು ಹಿತಚಿಂತಕರು ಅಳಿವೆಯ ಚಿಪ್ಪನ್ನೇ ತಿನ್ನದಿರಿ ಎಂದು ಬೋಧಿಸುವರು. ಈ ಬೋಧೆಗೆ ಒಪ್ಪಿಗೆ ಕೊಡಲಾಗದು. ಅಘನಾಶಿನಿಯ ಅಳಿವೆಯೊಂದರಲ್ಲಿಯೇ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ದೊರೆಯುತ್ತಿದ್ದವೆಂದೂ ಎರಡು ಸಾವಿರಕ್ಕೂ ಮೀರಿದ ಜನ ಅದರಿಂದ ಬದುಕುತ್ತಿದ್ದರೆಂದೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಅಂದಾಜು ಮಾಡಿದರು. ಇಳಿತದ ಹೊತ್ತಿನಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ಕಾಲ್ಬೆರಳಿನಿಂದಲೇ ಬಳಚನ್ನು ತಡವಿ ತೆಗೆಯುವ ಹೆಂಗಸರಿಗೆ ಅದು ಬಂಡವಾಳವಿಲ್ಲದ ದುಡಿಮೆ, ಬೆಲೆಯಿಲ್ಲದ ಮಾಂಸ. ಕಬ್ಬಿಣ, ಸತು, ಬಿ-12 ಜೀವಸತ್ವಗಳು ಅದರಲ್ಲಿ ಸಮೃದ್ಧವಾಗಿವೆ. ಬಡವರ ಮಕ್ಕಳಿಗೆ ಬೇರೆಲ್ಲಿಯೂ ಅಷ್ಟು ಅಗ್ಗವಾಗಿ ಅವು ಸಿಗಲಾರವು. ದೊಡ್ಡ ಕಟ್ಟೆಯಾಗಲಿ ದೊಡ್ಡ ಕಾರ್ಖಾನೆಯಾಗಲಿ ತಡೆಯದ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಮನ್ನಣೆಯೂ ಸಂದಿತು. ಅಂತಹ ಅಳಿವೆಯ ಬುಟ್ಟಿಯನ್ನೂ ಕೈಗಾರಿಕಾ ಖಾರಿಯ ಬುಟ್ಟಿಯನ್ನೂ ಒಂದೇ ಹೆದರಿಕೆಯಲ್ಲಿ ಕಟ್ಟಿ ಎಸೆದರೆ ಕೇಡು ತಟ್ಟುವುದು ಕೆಡಿಸದವರಿಗೆ. ಜಿರೋಂದಿನಲ್ಲಿ ಆದದ್ದೂ ಅದೇ.

ಬೇಕಾದದ್ದು ನಿಷೇಧವಲ್ಲ, ಅಳತೆ. ಅಮೆರಿಕದ ಎಡ್ವರ್ಡ್ ಗೋಲ್ಡ್‌ಬರ್ಗ್ ಎಂಬ ಸಾಗರವಿಜ್ಞಾನಿ 1975ರಲ್ಲಿ ಒಂದು ಸರಳ ಸಲಹೆಯನ್ನು ಮುಂದಿಟ್ಟರು. ನೀರನ್ನು ಒಂದು ಕ್ಷಣ ಮೊಗೆದು ಪರೀಕ್ಷಿಸಿದರೆ ಆ ಕ್ಷಣದ ಸತ್ಯ ಮಾತ್ರ ತಿಳಿಯುವುದು; ರಾತ್ರಿ ಬಿಟ್ಟ ತ್ಯಾಜ್ಯ ಬೆಳಗ್ಗೆ ಹರಿದುಹೋಗಿರುವುದು. ಚಿಪ್ಪುಜೀವಿಯಾದರೋ ತಿಂಗಳುಗಟ್ಟಲೆ ಒಂದೇ ಎಡೆಯಲ್ಲಿ ಕುಳಿತು ಎಲ್ಲವನ್ನೂ ಮೈಯಲ್ಲಿ ಬರೆದಿಟ್ಟುಕೊಂಡಿರುವುದು. ಅದನ್ನೇ ಕಾವಲುಗಾರನನ್ನಾಗಿ ಮಾಡಿರಿ ಎಂದರು. 1976ರಿಂದ ಅಮೆರಿಕದ ಕರಾವಳಿಯಲ್ಲಿ ಈ ಪದ್ಧತಿಯು ಆಚರಣೆಗೆ ಬಂದಿತು. ರಾತ್ರಿಯ ವೇಳೆ ಕದ್ದು ಕೊಳವೆ ತೆರೆಯುವ ಅಭ್ಯಾಸವು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ, ನಿದ್ರಿಸದ ಇಂತಹ ಕಾವಲುಗಾರನಿಗಿಂತ ಮಿಗಿಲಾದ ಅಧಿಕಾರಿ ದೊರೆಯಲಾರನು. ಸಂಬಳವಿಲ್ಲ, ಲಂಚವಿಲ್ಲ.

ಗೋದಾವರಿಯಲ್ಲಿ ಇದನ್ನು ನಡೆಸಲು ಹೆಚ್ಚಿನ ಖರ್ಚು ಬೇಕಾಗಿಲ್ಲ. ಗಂಗಾಪುರ ಅಣೆಕಟ್ಟಿನ ಮೇಲುಗಡೆಯ ಶುದ್ಧವಾದ ಎಡೆಯೊಂದು ಹೋಲಿಕೆಗಾಗಿ. ನಾಸಿಕ ನಗರವನ್ನು ದಾಟಿದ ಮೇಲೆ ಒಂದು, ನಾಂದೂರ ಮಧ್ಯಮೇಶ್ವರದಲ್ಲಿ ಒಂದು, ಖಾಮ ನದಿಯು ಕೂಡುವ ಕಡೆ ಒಂದು, ಪೈಠಣದಲ್ಲಿ ಒಂದು. ಮಾಲಿನ್ಯ ನಿಯಂತ್ರಣ ಮಂಡಳಿಯು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಈ ಕೆಲಸವನ್ನು ವಹಿಸಿ, ಫಲಿತಾಂಶವನ್ನು ಕಡತದಲ್ಲಿ ಹೂಳದೆ ಮೀನುಮಾರುಕಟ್ಟೆಯ ಹಲಗೆಯ ಮೇಲೂ ಪಾಲಿಕೆಯ ಬಾಗಿಲಿನಲ್ಲೂ ಅಂಟಿಸತಕ್ಕದ್ದು. ಕರ್ನಾಟಕದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳ ಅಳಿವೆಗಳಲ್ಲಿಯೂ ಹೀಗೆಯೇ ಆಗಬೇಕು. ಬಳಚು ಆಯುವ ಹೆಂಗಸಿಗೆ ತನ್ನ ಬುಟ್ಟಿ ಶುದ್ಧವೆಂಬ ಚೀಟಿ ಸಿಕ್ಕರೆ ಅವಳಿಗೆ ಬೆಲೆಯೂ ಹೆಚ್ಚು ದೊರಕೀತು. ಇದಕ್ಕಾಗಿ ಕೇಳಿಕೆಯನ್ನು ಬರೆಯಬಲ್ಲವರು ಊರಿನಲ್ಲಿರುವ ಅವಳಿಗಿಂತ, ನಗರ ಸೇರಿ ಓದುಬರಹ, ಉದ್ಯೋಗ, ಸಂಘಗಳನ್ನು ಪಡೆದಿರುವ ಅವಳ ಬಂಧುಗಳೇ ಅಲ್ಲವೆ?

ಕ್ರಮವೂ ಕಠಿನವಲ್ಲ. ಪ್ರತಿಯೊಂದು ಎಡೆಯಿಂದ ಒಂದೇ ಜಾತಿಯ, ಒಂದೇ ಗಾತ್ರದ ಇಪ್ಪತ್ತು ಮೂವತ್ತು ಚಿಪ್ಪುಗಳು ಸಾಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ನದಿ ತಿಳಿಯಾದ ಮೇಲೆ ಮತ್ತೊಮ್ಮೆ ಆಯಬೇಕು. ಆಯ್ದವನ್ನು ಶುದ್ಧನೀರಿನಲ್ಲಿ ಒಂದು ದಿನವಾದರೂ ಇರಿಸಿ, ಹೊಟ್ಟೆಯ ಕೆಸರು ಹೊರಬಿದ್ದ ನಂತರವೇ ಮಾಂಸವನ್ನು ಬಿಡಿಸಿ ಒಣಗಿಸಿ ತೂಗತಕ್ಕದ್ದು. ಇಲ್ಲದಿದ್ದರೆ ನುಂಗಿದ ಮಣ್ಣಿನ ಲೋಹವೂ ಮೈಗೂಡಿದ ಲೋಹವೂ ಒಂದೇ ಲೆಕ್ಕದಲ್ಲಿ ಬೆರೆತುಹೋಗುವುವು.